ಓಗೊಡು, 1988! — ಕೊರಿಯದ ಒಂದು ಓಣಿಯ ಚರಿತ್ರೆ

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಈಗ ಸಂಜೆಯ ಹೊತ್ತು ಕನ್ನಡ, ಹಿಂದಿ, ಇಂಗ್ಲಿಷುಗಳ ಜೊತೆಗೆ ನಾಲ್ಕನೆಯದೊಂದು ನುಡಿಯೂ ಕಿವಿಗೆ ಬೀಳುತ್ತಿದೆ. ಮಗಳು ಕೋಣೆಯೊಳಗೆ ಕುಳಿತು ನೋಡುವ ಧಾರಾವಾಹಿಯಿಂದ ‘ಅಪ್ಪಾ’ ಎಂಬ ಕೂಗು ಕೇಳಿದಾಗ, ಅಡಿಗೆಮನೆಯ ಕಡೆಗೆ ಹೊರಟ ತಂದೆ ತಿರುಗಿ ನೋಡುವುದುಂಟು. ಕೂಗಿದವಳು ಮಗಳಲ್ಲ, ಸಿಯೋಲ್ ನಗರದ ಯಾವುದೋ ಹುಡುಗಿ. ಕೊರಿಯನ್ ಭಾಷೆಯಲ್ಲಿಯೂ ಅಪ್ಪನಿಗೆ ‘ಅಪ್ಪಾ’ ಎಂದೇ ಹೆಸರು, ಅಮ್ಮ ‘ಒಮ್ಮಾ’. ಇದರ ಮೇಲೆ ಎರಡು ಭಾಷೆಗಳ ನಂಟಸ್ತನವನ್ನು ಕಟ್ಟಲು ಹೊರಟವರೂ ಇದ್ದಾರೆ. ಹಾಲುಗಲ್ಲದ ಮಕ್ಕಳ ತುಟಿಗೆ ಲೋಕದಲ್ಲೆಲ್ಲ ಸುಲಭವಾಗಿ ಬರುವ ಅಕ್ಷರಗಳು ಇವೇ ಆದ್ದರಿಂದ ನಾನು ಆ ಸಾಹಸಕ್ಕೆ ಇಳಿಯುವುದಿಲ್ಲ.

ಈ ಧಾರಾವಾಹಿಗಳಲ್ಲಿ ಒಂದು ಬಗೆಯವು ಹಳೆಯ ಕಾಲವನ್ನು ನೆನೆಯುವಂಥವು. ರಾಜರಾಣಿಯರ ಕಾಲವಲ್ಲ, ಈಗ ನಲವತ್ತು, ಐವತ್ತು ದಾಟಿದವರು ಶಾಲೆ ಕಾಲೇಜುಗಳಲ್ಲಿದ್ದ ಕಾಲ. ಅವುಗಳಲ್ಲಿ ಹೆಸರಾದ ಮೂರು ಕಥಾಮಾಲೆಗಳ ಶೀರ್ಷಿಕೆಯಲ್ಲಿ ಒಂದೊಂದು ಇಸವಿ ಇದೆ: 1997, 1994, 1988. ಇಸವಿಯ ಹಿಂದಿರುವ ಕೊರಿಯನ್ ಮಾತು ತಂತಿರಹಿತ ಸಂಪರ್ಕದಲ್ಲಿ ಆಚೆಯವರನ್ನು ‘ಉತ್ತರಿಸು’ ಎಂದು ಕರೆಯುವ ಮಾತು. ಕನ್ನಡದಲ್ಲಿ ‘ಓಗೊಡು’ ಎಂದರೆ ಸರಿಹೋದೀತು. ಹೋದ ಕಾಲವನ್ನು ಕೂಗಿ ಕರೆದು, ಅದು ‘ಓ’ ಎನ್ನುತ್ತದೆಯೇ ಎಂದು ಕಿವಿಗೊಡುವುದು. ಆ ಕರೆಗೆ ಯಾವ ಸಂಗತಿಗಳು ಓಗೊಟ್ಟವು, ಯಾವುವು ಮೌನವಾಗಿದ್ದವು ಎಂಬುದೇ ಈ ಲೇಖನದ ವಿಷಯ.

ಮೊದಲು ಅಲ್ಲಿನ ದೂರದರ್ಶನದ ಹಿನ್ನೆಲೆ ಸ್ವಲ್ಪ ಬೇಕು. ದಕ್ಷಿಣ ಕೊರಿಯದಲ್ಲಿ ಟಿ.ವಿ. ಪ್ರಸಾರ ಮೊದಲಾದದ್ದು 1956ರಲ್ಲಿ, ಸರ್ಕಾರಿ ಕೆ.ಬಿ.ಎಸ್. ಟಿ.ವಿ. 1961ರ ಕೊನೆಯ ದಿನ ಆರಂಭವಾಯಿತು. 1972ರಲ್ಲಿ ಪ್ರಸಾರವಾದ ‘ಯೊರೊ’ ಎಂಬ ಧಾರಾವಾಹಿ ಕಷ್ಟ ಸಹಿಸುವ ಒಬ್ಬ ಸೊಸೆಯ ಕಥೆ. ಅದರ ಹೊತ್ತಿಗೆ ಬೀದಿಗಳು ಬಣಗುಡುತ್ತಿದ್ದವಂತೆ. 1987-88ರ ಭಾನುವಾರಗಳ ಬೆಳಿಗ್ಗೆ ‘ರಾಮಾಯಣ’ ಬರುವಾಗ ನಮ್ಮ ಊರುಗಳ ಬೀದಿ ಹೇಗಿತ್ತೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಸ್ವಾರಸ್ಯದ ಸಂಗತಿ: ಕೊರಿಯದ ಕಾರ್ಖಾನೆಗಳು 1970ರ ದಶಕದಲ್ಲಿಯೇ ಬಣ್ಣದ ಟಿ.ವಿ. ತಯಾರಿಸಿ ಹೊರದೇಶಗಳಿಗೆ ಮಾರುತ್ತಿದ್ದವು. ಆದರೆ ಜನ ದುಂದುಗಾರಿಕೆಗೆ ಬೀಳುತ್ತಾರೆಂದು ಹೇಳಿ ಅಲ್ಲಿನ ಸರ್ಕಾರ ಸ್ವದೇಶದಲ್ಲಿ ಬಣ್ಣದ ಪ್ರಸಾರಕ್ಕೆ 1980ರ ಡಿಸೆಂಬರ್‌ವರೆಗೆ ಒಪ್ಪಲಿಲ್ಲ. ಅದೇ ವರ್ಷ ಸೈನ್ಯಾಧಿಕಾರಿ ಚುನ್ ದೂ-ಹ್ವಾನ್ ಅಧಿಕಾರ ಹಿಡಿದು ಟಿ.ಬಿ.ಸಿ. ಎಂಬ ಖಾಸಗಿ ಕೇಂದ್ರವನ್ನು ಸರ್ಕಾರಿ ಸಂಸ್ಥೆಯೊಳಗೆ ಬಲವಂತವಾಗಿ ಸೇರಿಸಿಬಿಟ್ಟ. ಪರದೆಗೆ ಬಣ್ಣ ಬಂದ ಹೊತ್ತಿಗೆ ಸುದ್ದಿಯ ಬಣ್ಣ ಹಾರಿಹೋಗಿತ್ತು.

ಹಳ್ಳಿ ಬಿಟ್ಟು ಪಟ್ಟಣ ಸೇರಿದವರ ನೆನಪಿಗೆ ಟಿ.ವಿ. ಆಶ್ರಯವಾದದ್ದೂ ಆಗಲೇ. 1980ರಲ್ಲಿ ಮೊದಲಾದ ‘ಹಳ್ಳಿಯ ದಿನಚರಿ’ ಎಂಬರ್ಥದ ಧಾರಾವಾಹಿ 2002ರವರೆಗೆ, ಸಾವಿರಕ್ಕೂ ಹೆಚ್ಚು ಕಂತುಗಳಲ್ಲಿ ನಡೆಯಿತು. 1986ರಿಂದ 1994ರವರೆಗೆ ಬಂದ ‘ಒಂದು ಸೂರಿನಡಿ ಮೂರು ಸಂಸಾರ’ ವಠಾರದ ಕಥೆ. ನಮ್ಮ 1988ರ ಓಣಿಗೆ ಅದು ನೇರ ಅಜ್ಜ ಎನ್ನಬಹುದು.

ಆದರೆ ಸ್ನೇಹ, ಸಂಸಾರ, ಪ್ರೀತಿ ಎಂಬ ಮೂರನ್ನೂ ಒಟ್ಟಿಗೆ ಪರದೆಯ ಮೇಲೆ ತಂದು ಇಡೀ ದೇಶವನ್ನು ಅಳಿಸಿದ್ದು ಕಥೆಯಲ್ಲ, ನಿಜಜೀವನ. 1983ರ ಜೂನ್ 30ರಂದು ಕೆ.ಬಿ.ಎಸ್. ಯುದ್ಧದಲ್ಲಿ ಅಗಲಿದ ಕುಟುಂಬಗಳನ್ನು ಹುಡುಕುವ ಕಾರ್ಯಕ್ರಮವೊಂದನ್ನು ಹಮ್ಮಿಕೊಂಡಿತು. ಒಂದೂವರೆ ತಾಸಿಗೆಂದು ಯೋಜಿಸಿದ್ದು 138 ದಿನ, 453 ತಾಸುಗಳಿಗೂ ಮೀರಿ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಎದೆಯ ಮೇಲೆ ಹಲಗೆ ಹಿಡಿದು ಕ್ಯಾಮರಾದ ಮುಂದೆ ನಿಂತರು. ಹತ್ತು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ಕೂಡಿಕೊಂಡವು. ಆ ಧ್ವನಿಚಿತ್ರಮುದ್ರಣಗಳನ್ನು ಯುನೆಸ್ಕೊ 2015ರಲ್ಲಿ ಜಗತ್ತಿನ ಸ್ಮೃತಿಸಂಪತ್ತಿನ ಪಟ್ಟಿಗೆ ಸೇರಿಸಿತು.

ಈ ಅಗಲಿಕೆಯ ಕಥೆಯ ಅಂಚಿನಲ್ಲಿ ನಮ್ಮವರೊಬ್ಬರು ನಿಂತಿದ್ದಾರೆ. 1953ರ ಜುಲೈ 27ರ ಕದನವಿರಾಮದ ನಂತರ, ಸ್ವದೇಶಕ್ಕೆ ಮರಳಲೊಲ್ಲದ ಯುದ್ಧಕೈದಿಗಳ ಸಮಸ್ಯೆಯನ್ನು ನೋಡಿಕೊಳ್ಳಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಕೊಡಗಿನ ಕೆ. ಎಸ್. ತಿಮ್ಮಯ್ಯನವರು. ಸುಮಾರು 22 ಸಾವಿರ ಕೈದಿಗಳನ್ನು ಭಾರತದ ಪಡೆ ಕಾವಲು ಕಾಯಿತು. ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನವೂ ಬೇಡ ಎಂದ 88 ಜನ 1954ರಲ್ಲಿ ನಮ್ಮ ಪಡೆಯೊಂದಿಗೆ ಮದರಾಸಿಗೆ ಬಂದಿಳಿದರು. ಮಡಿಕೇರಿಯಲ್ಲಿ ಹುಟ್ಟಿದ ಒಬ್ಬ ದಂಡನಾಯಕ, ಅಣ್ಣನ ಕಡೆಗೆ ಹೋಗಲೋ ತಮ್ಮನ ಕಡೆಗೆ ಹೋಗಲೋ ಎಂದು ತಿಳಿಯದ ಕೊರಿಯದ ಹುಡುಗರನ್ನು ಬಯಲಿನ ಶಿಬಿರಗಳಲ್ಲಿ ಕಾದುಕೊಂಡಿದ್ದ ಸಂಗತಿ ನಮ್ಮ ಶಾಲೆಯ ಪುಸ್ತಕಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಬೆಳೆಯಲೇ ಇಲ್ಲ.

ಇರಲಿ. ‘ಓಗೊಡು’ ಮಾಲೆಗೆ ಬರೋಣ. ಇದರ ನಿರ್ದೇಶಕ ಶಿನ್ ವೋನ್-ಹೊ, ಲೇಖಕಿ ಲೀ ಊ-ಜಂಗ್. ಇಬ್ಬರೂ ಹಾಸ್ಯ-ವಿನೋದದ ಕಾರ್ಯಕ್ರಮಗಳಲ್ಲಿ ಪಳಗಿದವರು. ಪ್ರತಿಯೊಂದು ಮಾಲೆಯಲ್ಲಿಯೂ ನಾಯಕಿ ಮುಂದೆ ಯಾರನ್ನು ಮದುವೆಯಾದಳು ಎಂಬುದನ್ನು ಕೊನೆಯವರೆಗೆ ಮುಚ್ಚಿಟ್ಟು ನೋಡುವವರನ್ನು ಸತಾಯಿಸುವ ಜಾಣತನ ಅಲ್ಲಿಂದಲೇ ಬಂದದ್ದು. ನನಗೆ ಅದು ಅಷ್ಟೇನೂ ರುಚಿಸಲಿಲ್ಲ. ಗಂಡ ಯಾರೆಂಬ ಒಗಟಿಗಿಂತ ಅಕ್ಕಪಕ್ಕದ ಮನೆಗಳ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದೇ ಈ ಕಥೆಗಳ ಜೀವಾಳ.

2012ರಲ್ಲಿ ಬಂದ ‘1997’ ಪೂಸಾನ್ ನಗರದ ಹುಡುಗಿಯರ, ಅವರು ಮರುಳಾಗಿದ್ದ ಗಾಯಕ ತಂಡಗಳ ಕಥೆ. ಅದನ್ನು ಯುವಕರಿಗೆ ಬಿಡುತ್ತೇನೆ. 2013ರ ‘1994’ ನಮ್ಮಂಥವರಿಗೆ ಹತ್ತಿರದ್ದು. ಸಿಯೋಲಿನ ಶಿನ್‌ಚೋನ್ ಬಡಾವಣೆಯ ಒಂದು ಊಟ-ವಸತಿಯ ಮನೆ. ಅಲ್ಲಿಗೆ ದೂರದ ಊರುಗಳಿಂದ ಓದಲು ಬಂದ ಹುಡುಗರು. ಒಬ್ಬೊಬ್ಬರದು ಒಂದೊಂದು ಸೀಮೆಯ ಮಾತು. ರಾಜಧಾನಿಯವರ ಮುಂದೆ ಬಾಯಿ ತೆರೆದರೆ ನಗುತ್ತಾರೆಂಬ ಅಳುಕು. ಆ ದೇಶದ ರಾಜಕೀಯದಲ್ಲಿ ನೈಋತ್ಯದ ಜೊಲ್ಲಾ ಸೀಮೆಗೂ ಆಗ್ನೇಯದ ಗ್ಯೊಂಗ್‌ಸಾಂಗ್ ಸೀಮೆಗೂ ಬಹಳ ಕಾಲದ ಕಸಿವಿಸಿ. ಸೈನ್ಯದ ಅಧ್ಯಕ್ಷರೆಲ್ಲ ಗ್ಯೊಂಗ್‌ಸಾಂಗ್‌ನವರು. ಕಾರ್ಖಾನೆಗಳೂ ಹೆಚ್ಚಾಗಿ ಆ ಕಡೆಗೇ ಹೋದವು. 1980ರ ಮೇ ತಿಂಗಳಲ್ಲಿ ಸೈನ್ಯ ಗುಂಡು ಹಾರಿಸಿದ ಗ್ವಾಂಗ್‌ಜು ಇರುವುದು ಜೊಲ್ಲಾ ಕಡೆಗೆ. ಕಥೆಯಲ್ಲಿ ಜೊಲ್ಲಾದ ಹುಡುಗಿಯೂ ಗ್ಯೊಂಗ್‌ಸಾಂಗ್‌ನ ಹುಡುಗನೂ ಮದುವೆಯಾಗುತ್ತಾರೆ. ನಮ್ಮಲ್ಲಿ ಧಾರವಾಡದ ‘ಏನ್ರೀ’ ಮತ್ತು ಮೈಸೂರಿನ ‘ಏನೂಂದ್ರೆ’ ಒಂದೇ ಮನೆಯಲ್ಲಿ ಸಂಸಾರ ಹೂಡಿದಾಗ ಹುಟ್ಟುವ ನಗೆಯನ್ನು ಸಂಘದ ನಾಟಕಗಳಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಅಲ್ಲಿ ಆ ನಗೆಯ ಕೆಳಗೆ ರಕ್ತದ ನೆನಪು ಇದೆ ಎಂಬುದಷ್ಟೇ ವ್ಯತ್ಯಾಸ. 1995ರ ಜೂನ್ 29ರಂದು ಸಿಯೋಲಿನ ಸಾಂಪುಂಗ್ ಮಳಿಗೆ ಕುಸಿದು 502 ಜನ ಸತ್ತ ದುರಂತವೂ ಈ ಕಥೆಯೊಳಗೆ ಬರುತ್ತದೆ.

ಇನ್ನು ‘1988’. 2015ರ ನವೆಂಬರ್‌ನಿಂದ 2016ರ ಜನವರಿವರೆಗೆ 20 ಕಂತು. ಕೊನೆಯ ಕಂತನ್ನು ಶೇ. 18.8ರಷ್ಟು ಮನೆಗಳು ನೋಡಿದವು. ಕೇಬಲ್ ವಾಹಿನಿಗೆ ಅದು ಅಂದಿನ ದಾಖಲೆ. ಸಿಯೋಲಿನ ಉತ್ತರಕ್ಕೆ ಸಾಂಗ್‌ಮುನ್‌ದೋಂಗ್ ಎಂಬಲ್ಲಿ ಒಂದು ಓಣಿ, ಐದು ಮನೆ, 1971ರಲ್ಲಿ ಹುಟ್ಟಿದ ಐದು ಜನ ಗೆಳೆಯರು. ಮೊದಲ ಕಂತಿನಲ್ಲಿಯೇ ಸಂಜೆಯ ಊಟದ ಹೊತ್ತು. ಒಬ್ಬ ತಾಯಿ ಪಕ್ಕದ ಮನೆಗೆ ಒಂದು ಬಟ್ಟಲು ಪಲ್ಯ ಕಳಿಸುತ್ತಾಳೆ. ಬಟ್ಟಲು ಬರಿದಾಗಿ ಮರಳುವುದು ಮರ್ಯಾದೆಯಲ್ಲವಲ್ಲ, ಅವರು ಇನ್ನೊಂದನ್ನು ತುಂಬಿ ಕಳಿಸುತ್ತಾರೆ. ಮಕ್ಕಳು ಬಟ್ಟಲು ಹಿಡಿದು ಓಣಿಯ ತುಂಬ ಓಡಾಡಿ ಓಡಾಡಿ ಕೊನೆಗೆ ಎಲ್ಲರ ಮನೆಯಲ್ಲಿಯೂ ಎಲ್ಲರ ಮನೆಯ ಅಡಿಗೆ. ತಾಯಂದಿರು ಮನೆಯ ಮುಂದಿನ ಜಗಲಿಯಂಥ ಮರದ ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತ ಹರಟುತ್ತಾರೆ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ, ಮಕ್ಕಳ ಹೆಸರು ಹೇಳಿ ‘ಇಂಥವನ ಅಮ್ಮ’ ಎನ್ನುತ್ತಾರೆ.

ಇದು ಬರಿಯ ಸಿಹಿ ಚಿತ್ರವಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ನಾಯಕಿ ದೊಕ್‌ಸೊನ್‌ಳ ತಂದೆ ಬ್ಯಾಂಕಿನ ನೌಕರ. ಸಂಬಳ ಸಾಲದೆ ಅಲ್ಲ ಅವನು ಬಡವ. ಸ್ನೇಹಿತನೊಬ್ಬನ ಸಾಲಕ್ಕೆ ಜಾಮೀನು ಹಾಕಿ ಮುಳುಗಿದವ. (ಸೊಸೈಟಿ ಸಾಲಕ್ಕೆ ಸಹಿ ಹಾಕಿ ಸಂಬಳದ ಚೀಟಿಯಲ್ಲಿ ಕಡಿತ ಕಂಡವರು ನಮ್ಮ ಯಾವ ಕಚೇರಿಯಲ್ಲಿಲ್ಲ?) ಹಾಗಾಗಿ ಅವರದು ಮಾಲೀಕರ ಮನೆಯ ಕೆಳಗಿನ ಅರೆನೆಲಮಾಳಿಗೆಯಲ್ಲಿ ವಾಸ. ಈ ಅರೆನೆಲಮಾಳಿಗೆಗಳಿಗೂ ಒಂದು ಇತಿಹಾಸವಿದೆ. 1968ರಲ್ಲಿ ಉತ್ತರ ಕೊರಿಯದ ಕಮಾಂಡೊಗಳು ಅಧ್ಯಕ್ಷರ ಭವನದ ಸಮೀಪದವರೆಗೆ ನುಗ್ಗಿ ಬಂದಿದ್ದರು. ಅದರ ಬೆನ್ನಿಗೆ 1970ರಲ್ಲಿ ಹೊಸ ಮನೆಗಳಿಗೆ ಯುದ್ಧಕಾಲದ ಆಸರೆಗಾಗಿ ನೆಲಮಾಳಿಗೆ ಇರಬೇಕೆಂದು ಕಟ್ಟಡದ ಕಾನೂನು ವಿಧಿಸಿತು. ಅವುಗಳಲ್ಲಿ ಬಾಡಿಗೆಗೆ ಇರಿಸಬಾರದೆಂದಿತ್ತು. ಆದರೆ ನಗರಕ್ಕೆ ಬಂದ ಜನಕ್ಕೆ ಮನೆಯೇ ಇಲ್ಲವಾಗಿ 1980ರ ದಶಕದಲ್ಲಿ ಸರ್ಕಾರ ಅದನ್ನೂ ಒಪ್ಪಬೇಕಾಯಿತು. ಬಾಂಬಿಗೆ ಹೆದರಿ ತೋಡಿದ ಕುಳಿಯಲ್ಲಿ ಸಂಸಾರಗಳು ಬೆಳೆದವು. 2022ರ ಆಗಸ್ಟ್‌ನ ಮಳೆಯಲ್ಲಿ ಇಂಥ ಮನೆಗಳಿಗೆ ನೀರು ನುಗ್ಗಿ ಜನ ಸತ್ತ ಮೇಲೆ ಸಿಯೋಲ್ ನಗರಾಡಳಿತ ಇವನ್ನು ಕ್ರಮೇಣ ಕೊನೆಗಾಣಿಸುವುದಾಗಿ ಘೋಷಿಸಿತು.

ಆ ಮನೆಯಲ್ಲಿ ಮೂರು ಮಕ್ಕಳು. ಹಿರಿಯಳು ಬೋರಾ ಬುದ್ಧಿವಂತೆ, ರಾಷ್ಟ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, ಕಿರಿಯವ ಗಂಡುಮಗ. ನಡುವಿನವಳು ದೊಕ್‌ಸೊನ್. ಹುರಿದ ಮೊಟ್ಟೆ ಎರಡೇ ಇದ್ದರೆ ಅದು ಅಕ್ಕನಿಗೆ ಮತ್ತು ತಮ್ಮನಿಗೆ. ಹುಟ್ಟುಹಬ್ಬವೂ ಅಕ್ಕನ ಹುಟ್ಟುಹಬ್ಬದ ಜೊತೆಗೇ, ಅಕ್ಕನ ಕೇಕಿನ ಮೇಲೆಯೇ. ಒಂದು ದಿನ ಅವಳು ತಡೆಯಲಾರದೆ ಅತ್ತುಬಿಡುತ್ತಾಳೆ. ಆ ರಾತ್ರಿ ತಂದೆ ಓಣಿಯ ದೀಪದ ಕೆಳಗೆ ಅವಳಿಗೊಂದು ಪುಟ್ಟ ಕೇಕು ಹಿಡಿದು ನಿಂತು, ತಾನೂ ಹುಟ್ಟಿನಿಂದ ಅಪ್ಪನಾಗಿದ್ದವನಲ್ಲ, ಇದೆಲ್ಲ ತನಗೂ ಹೊಸದು ಎಂಬರ್ಥದ ಮಾತಾಡಿ ಕ್ಷಮೆ ಕೇಳುತ್ತಾನೆ. ಕೊರಿಯದ ತಂದೆ ಮಗಳ ಕ್ಷಮೆ ಕೇಳುವುದು ಪರದೆಯ ಮೇಲೆ ಎಷ್ಟು ಅಪರೂಪವೆಂದು ತಿಳಿಯಲು ಒಂದು ಅಂಕಿ ಸಾಕು: 1990ರಲ್ಲಿ ಅಲ್ಲಿ ನೂರು ಹೆಣ್ಣುಶಿಶುಗಳಿಗೆ ಪ್ರತಿಯಾಗಿ ಹುಟ್ಟಿದ ಗಂಡುಶಿಶುಗಳು 116.5. ಹುಟ್ಟದೆ ಹೋದ ದೊಕ್‌ಸೊನ್‌ರ ಲೆಕ್ಕ ಅದು. ನಮ್ಮ ದೇಶದ ಲೆಕ್ಕವನ್ನು ಬಲ್ಲವರು ಅವರತ್ತ ಬೆರಳು ತೋರಿಸುವಂತಿಲ್ಲ.

ಶಾಲೆಯ ಪ್ರವಾಸಕ್ಕೆ ಮಗಳ ಕೈಗೆ ಕೊಡಲು ಹಣವಿಲ್ಲದೆ ತಾಯಿ ಎದುರು ಮನೆಗೆ ಸಾಲ ಕೇಳಲು ಹೋಗುತ್ತಾಳೆ. ಎದುರು ಮನೆಯವರೂ ಮೊದಲು ಬಡವರೇ; ಹಿರಿಯ ಮಗ ಕೊಂಡ ಲಾಟರಿ ಚೀಟಿಗೆ ಬಹುಮಾನ ಬಂದು ಸ್ಥಿತಿವಂತರಾದವರು. ಕುಳಿತು ಅದೂ ಇದೂ ಮಾತಾಡಿ, ಕೇಳಲು ಬಾಯಿ ಬಾರದೆ ತಾಯಿ ಎದ್ದು ಬರುತ್ತಾಳೆ. ಆಮೇಲೆ ಆ ಮನೆಯಿಂದ ತಿನಿಸಿನ ಬುಟ್ಟಿಯೊಂದು ಬರುತ್ತದೆ, ಅದರಲ್ಲಿ ಹಣದ ಲಕೋಟೆ. ಕೇಳದವಳ ಮಾತನ್ನು ಅವರು ಕೇಳಿಸಿಕೊಂಡಿದ್ದರು. ಕೊರಿಯದವರು ಇದಕ್ಕೆ ‘ಜೊಂಗ್’ ಎನ್ನುತ್ತಾರೆ. ಅಕ್ಕರೆ, ಹೊಂದಿಕೆ, ಋಣ ಮೂರೂ ಕೂಡಿದ ಮಾತು.

ಎರಡನೆಯ ಕಂತಿನಲ್ಲಿ ಅಜ್ಜಿ ತೀರಿಕೊಳ್ಳುತ್ತಾಳೆ. ಮಕ್ಕಳು ಊರಿಗೆ ಓಡಿ ಬಂದರೆ, ಅಲ್ಲಿ ಸಾವಿನ ಮನೆಯಲ್ಲಿ ದೊಡ್ಡವರು ನಗುತ್ತಿದ್ದಾರೆ, ಕುಡಿಯುತ್ತಿದ್ದಾರೆ, ಇಸ್ಪೀಟಿನಂಥ ಆಟದಲ್ಲಿ ಮುಳುಗಿದ್ದಾರೆ. ಅಪ್ಪನಿಗೆ ದುಃಖವೇ ಇಲ್ಲವೇ ಎಂದು ದೊಕ್‌ಸೊನ್‌ಗೆ ಸಿಟ್ಟು. ಬಂದವರನ್ನು ಉಪಚರಿಸುವುದು ಅಲ್ಲಿನ ಪದ್ಧತಿ. ರಾತ್ರಿ ಎಲ್ಲರೂ ಹೋದ ಮೇಲೆ ಅಮೆರಿಕದಲ್ಲಿ ನೆಲೆಸಿದ ಹಿರಿಯ ಮಗ ಬಂದು ಮುಟ್ಟುತ್ತಾನೆ. ಅಣ್ಣನ ಮುಖ ಕಂಡ ಕ್ಷಣ ತಮ್ಮಂದಿರು, ತಂಗಿಯರು ಕಟ್ಟೆಯೊಡೆದು ಅಳುತ್ತಾರೆ. ‘ಸೀರಿಯಸ್’ ಎಂಬ ಕರೆ ಬಂದ ಮೇಲೆ ತತ್ಕಾಲ್ ಟಿಕೆಟ್ಟಿಗೆ ಪರದಾಡಿ, ಎರಡು ರಾತ್ರಿ ರೈಲಿನಲ್ಲಿ ಕುಳಿತು ಊರು ಸೇರಿದವರು ಈ ಪತ್ರಿಕೆಯ ಓದುಗರಲ್ಲಿ ಎಷ್ಟೋ ಜನ. ಈ ಕಂತನ್ನು ಮಕ್ಕಳ ಎದುರು ನೋಡದಿರುವುದು ಅವರಿಗೆ ಕ್ಷೇಮ.

ಇನ್ನು ಪ್ರೀತಿಯ ವಿಷಯ. ಅಕ್ಕ ಬೋರಾಳೂ ಓಣಿಯ ವಿಧವೆಯೊಬ್ಬಳ ಮಗ ಸೊನ್‌ಊ ಎಂಬುವನೂ ಒಲಿಯುತ್ತಾರೆ. ಮನೆಯವರಿಗೆ ಹುಡುಗನ ಗುಣದ ಬಗ್ಗೆ ಎರಡು ಮಾತಿಲ್ಲ. ಆದರೆ ಇಬ್ಬರ ಅಡ್ಡಹೆಸರೂ ಸೊಂಗ್, ಮೂಲಸ್ಥಾನವೂ ಒಂದೇ. ಕೊರಿಯದ ನಾಗರಿಕ ಸಂಹಿತೆಯ 809ನೆಯ ವಿಧಿ ಒಂದೇ ಕುಲನಾಮ, ಒಂದೇ ಮೂಲಸ್ಥಾನದವರ ಮದುವೆಯನ್ನು ನಿಷೇಧಿಸಿತ್ತು. ನಮ್ಮ ಸಗೋತ್ರದ ತಕರಾರಿನಂತೆಯೇ. ಆದರೆ ಅಲ್ಲಿ ಸಂಖ್ಯೆಗಳನ್ನು ನೋಡಬೇಕು. ಗಿಮ್‌ಹೇ ಮೂಲದ ಕಿಮ್ ಎಂಬ ಒಂದೇ ಕುಲಕ್ಕೆ ಸೇರಿದವರು 40 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಯಾವ ಇಬ್ಬರೂ, ರಕ್ತಸಂಬಂಧ ಎಷ್ಟೇ ತಲೆಮಾರು ದೂರವಿದ್ದರೂ, ಗಂಡಹೆಂಡಿರೆಂದು ನೋಂದಾಯಿಸಿಕೊಳ್ಳುವಂತಿರಲಿಲ್ಲ. ನೋಂದಣಿ ಇಲ್ಲದಿದ್ದರೆ ಮಕ್ಕಳು ಅಕ್ರಮ ಸಂತಾನ. ಒಳಗೊಳಗೇ ಸಂಸಾರ ಮಾಡಿಕೊಂಡಿದ್ದವರ ಪಾಡು ನೋಡಲಾರದೆ ಸರ್ಕಾರ 1978, 1988 ಮತ್ತು 1996ರಲ್ಲಿ ಒಂದೊಂದು ವರ್ಷ ಮಾತ್ರ ಬಾಗಿಲು ತೆರೆದು ನೋಂದಣಿಗೆ ಅವಕಾಶ ಕೊಟ್ಟಿತು. ಮೂರು ಸಲವೂ ಸೇರಿ ಸುಮಾರು 45 ಸಾವಿರ ಜೋಡಿಗಳು ಬಂದು ಸಾಲು ನಿಂತವು. 1997ರ ಜುಲೈ 16ರಂದು ಸಂವಿಧಾನ ನ್ಯಾಯಾಲಯ ಈ ನಿಷೇಧ ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದಿತು. 2005ರಲ್ಲಿ ಅದು ಕಾನೂನಿನಿಂದ ಕಳಚಿತು. ನಮ್ಮಲ್ಲಿ ಸಗೋತ್ರ ವಿವಾಹಕ್ಕೆ ಕಾನೂನಿನ ಮಾನ್ಯತೆ 1946ರಲ್ಲಿಯೇ ದೊರಕಿತು, ಸ್ವಾತಂತ್ರ್ಯಕ್ಕೂ ಮೊದಲು. ಮನೆಯ ಹಿರಿಯರ ಮಾನ್ಯತೆಯ ಕಥೆ ಬೇರೆ.

ಅದೇ ಓಣಿಯಲ್ಲಿ ಸೊನ್‌ಊನ ವಿಧವೆ ತಾಯಿಯೂ ಗಡಿಯಾರದ ಅಂಗಡಿಯ ವಿಧುರನೂ ಒಂದಾಗುತ್ತಾರೆ. ಆ ವಿಧುರನ ಮಗ ಟೇಕ್. ಬಾದುಕ್ ಎಂಬ ಕಪ್ಪುಬಿಳಿ ಕಾಯಿಗಳ ಆಟದಲ್ಲಿ ಜಗಜಟ್ಟಿ, ಮಿಕ್ಕ ವ್ಯವಹಾರಗಳಲ್ಲಿ ಹಸುಗೂಸು. ಹನ್ನೊಂದನೆಯ ವಯಸ್ಸಿಗೇ ವೃತ್ತಿ ಆಟಗಾರನಾದ ಲೀ ಚಾಂಗ್-ಹೊ ಎಂಬ ನಿಜವಾದ ಆಟಗಾರನ ಛಾಯೆಯಲ್ಲಿ ಈ ಪಾತ್ರ ರೂಪುಗೊಂಡಿದೆ. ಟೇಕ್ ಒಲಿದದ್ದು ಬೋರಾಳ ತಂಗಿ ದೊಕ್‌ಸೊನ್‌ಗೆ. ಈಗ ಟೇಕ್ ಮತ್ತು ಸೊನ್‌ಊ ಅಣ್ಣತಮ್ಮಂದಿರಾದರಲ್ಲ! ಎರಡು ಮನೆಗಳ ನಡುವೆ ಜೋಡಿ ಬೀಗತನ ಅಲ್ಲಿ ಮುಜುಗರದ ಸಂಗತಿ. ಆ ಜೋಡಿ ಹೆದರಿ ಗುಟ್ಟಾಗಿ ಓಡಾಡುತ್ತದೆ. ಅಕ್ಕತಂಗಿಯರನ್ನು ಅಣ್ಣತಮ್ಮಂದಿರಿಗೆ ಕೊಟ್ಟು ಒಂದೇ ಹಂದರದಲ್ಲಿ ಎರಡು ಧಾರೆ ಮುಗಿಸಿ ಖರ್ಚು ಉಳಿಸಿದೆವೆನ್ನುವ ನಾವು, ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಪದ್ಧತಿಯನ್ನು ಅವರಿಗೆ ಹೇಳಿದರೆ ಏನೆಂದುಕೊಂಡಾರೋ!

1988 ಎಂದರೆ ಸಿಯೋಲ್ ಒಲಿಂಪಿಕ್ಸ್. ಸೆಪ್ಟೆಂಬರ್ 17ರ ಉದ್ಘಾಟನೆಯಲ್ಲಿ ದೇಶಗಳು ಕೊರಿಯನ್ ಅಕ್ಷರಮಾಲೆಯ ಕ್ರಮದಲ್ಲಿ ಬಂದವು. ಅವರ ವ್ಯಂಜನಗಳಲ್ಲಿ ಮೊದಲನೆಯದು ‘ಗ’. ಹಾಗಾಗಿ ಗ್ರೀಸಿನ ನಂತರ ಘಾನಾ. ದೊಕ್‌ಸೊನ್ ಮಡಗಾಸ್ಕರ್ ದೇಶದ ಫಲಕ ಹಿಡಿಯಲು ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾಳೆ; ಆ ದೇಶ ಕೂಟವನ್ನೇ ಬಹಿಷ್ಕರಿಸುತ್ತದೆ. ಬಹಿಷ್ಕಾರ ನಿಜವಾದದ್ದು. ಕಥೆಯಲ್ಲಿ ಅವಳಿಗೆ ಉಗಾಂಡದ ಫಲಕ ಸಿಕ್ಕಿ ಓಣಿಯೆಲ್ಲ ಟಿ.ವಿ. ಮುಂದೆ ಕುಣಿಯುತ್ತದೆ.

ಆದರೆ ಈ ಫಲಕದ ಹಿಂದೆ ಇನ್ನೊಂದು ಓಣಿ ಮರೆಯಾಯಿತು. ಸಾಂಗ್‌ಮುನ್‌ದೋಂಗ್ ಇರುವುದು ದೋಬೊಂಗ್ ವಿಭಾಗದಲ್ಲಿ. ಅದೇ ವಿಭಾಗದಲ್ಲಿ, 1988ರ ಆರಂಭದಲ್ಲಿ ಅದು ಎರಡಾಗುವವರೆಗೆ, ಸಾಂಗ್ಯೆದೋಂಗ್ ಎಂಬ ಬಡವರ ಬಡಾವಣೆಯೂ ಇತ್ತು. ನಗರವನ್ನು ಹೊಸದಾಗಿಸುವ ಭರದಲ್ಲಿ 1986-87ರಲ್ಲಿ ಅಲ್ಲಿನ ಮನೆಗಳನ್ನು ಕೆಡವಲಾಯಿತು. ನೆಲೆ ತಪ್ಪಿದವರು ಕೆಲಕಾಲ ಮ್ಯೊಂಗ್‌ದೋಂಗ್ ಕ್ಯಾಥೊಲಿಕ್ ದೇವಾಲಯದ ಆವರಣದಲ್ಲಿ ಡೇರೆ ಹಾಕಿದರು. ಬಳಿಕ ನೆರೆಯ ಬುಚೊನ್‌ನ ಹೆದ್ದಾರಿಯ ಬದಿಗೆ ಸೂರು ಕಟ್ಟಿಕೊಂಡರು. ಒಲಿಂಪಿಕ್ ಜ್ಯೋತಿ ಆ ಹಾದಿಯಲ್ಲಿ ಬರಲಿದೆ, ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನೂ ಉರುಳಿಸಿದರು. ನೆಲದಲ್ಲಿ ಗುಂಡಿ ತೋಡಿ ಅವರು ಬಾಳಿದರು. ಕಿಮ್ ದೋಂಗ್-ವೋನ್ ಅವರ ‘ಸಾಂಗ್ಯೆದೋಂಗ್ ಒಲಿಂಪಿಕ್ಸ್’ ಎಂಬ 1988ರ ಸಾಕ್ಷ್ಯಚಿತ್ರದಲ್ಲಿ ಇದೆಲ್ಲ ಉಳಿದಿದೆ. ಅರ್ಧ ತಾಸಿಗೂ ಕಡಿಮೆ ಅವಧಿಯದು. ಇಪ್ಪತ್ತು ಕಂತಿನ ಧಾರಾವಾಹಿಯನ್ನು ನೋಡಿದವರು ಇದನ್ನೂ ನೋಡಬೇಕು. 2010ರ ಕಾಮನ್‌ವೆಲ್ತ್ ಕೂಟದ ದಿನಗಳಲ್ಲಿ ದಿಲ್ಲಿಯಲ್ಲಿದ್ದವರಿಗೆ ಇದರ ಮರ್ಮ ತಿಳಿಯುತ್ತದೆ.

ಧಾರಾವಾಹಿ ಎಲ್ಲವನ್ನೂ ಮರೆಯಿತೆಂದು ಹೇಳಿದರೆ ಅನ್ಯಾಯ. ಬೋರಾ ಚಳವಳಿಗೆ ಹೋಗುವ ಹುಡುಗಿ. ಪೊಲೀಸರು ಹಿಡಿಯಲು ಬಂದಾಗ ಅವಳ ತಾಯಿ ಮಳೆಯಲ್ಲಿ ನಿಂತು ತನ್ನ ಮಗಳು ಎಂಥವಳೆಂದು ಅವರಿಗೆ ಬೇಡುತ್ತ ಹೇಳುತ್ತಾಳೆ. 1987ರ ಜನವರಿಯಲ್ಲಿ ಪಾರ್ಕ್ ಜೊಂಗ್-ಚೊಲ್ ಎಂಬ ವಿದ್ಯಾರ್ಥಿ ಪೊಲೀಸರ ಚಿತ್ರಹಿಂಸೆಯಿಂದ ಸತ್ತಿದ್ದ. ಜೂನ್‌ನಲ್ಲಿ ಅಶ್ರುವಾಯು ಗುಂಡು ತಗುಲಿದ ಲೀ ಹಾನ್-ಯೊಲ್ ಜುಲೈ 5ರಂದು ತೀರಿಕೊಂಡ. ಆ ವರ್ಷದ ಚಳವಳಿಯಿಂದಲೇ ಅಧ್ಯಕ್ಷರನ್ನು ನೇರವಾಗಿ ಆರಿಸುವ ಹಕ್ಕು ಜನಕ್ಕೆ ಮರಳಿದ್ದು. ಆ ಮಳೆಯಲ್ಲಿ ನಿಂತ ತಾಯಿಯ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೂ ಈ ವಿಷಯದಲ್ಲಿ ಧೈರ್ಯದ ಕೆಲಸ ಮಾಡಿದ್ದು 1995ರ ಆರಂಭದಲ್ಲಿ ಬಂದ ‘ಮರಳುಗಡಿಯಾರ’. ಇಬ್ಬರು ಬಾಲ್ಯಸ್ನೇಹಿತರು, ಒಬ್ಬ ರೌಡಿಯಾಗುತ್ತಾನೆ, ಇನ್ನೊಬ್ಬ ಸರ್ಕಾರಿ ವಕೀಲ. ಗ್ವಾಂಗ್‌ಜುವಿನ ಗುಂಡಿನ ಸದ್ದು ಆ ಸ್ನೇಹದ ಕಥೆಯ ನಡುವೆ ಮನೆಮನೆಗೂ ಕೇಳಿಸಿತು. ಜನ ಬೇಗ ಮನೆ ಸೇರುತ್ತಿದ್ದರೆಂದು ಅದಕ್ಕೆ ‘ಮನೆಗೆ ಮರಳುವ ಗಡಿಯಾರ’ ಎಂಬ ಅಡ್ಡಹೆಸರೇ ಬಿತ್ತು. ಅದೇ ವರ್ಷದ ಕೊನೆಗೆ ಇಬ್ಬರು ಮಾಜಿ ಅಧ್ಯಕ್ಷರು ಬಂಧನದಲ್ಲಿದ್ದರು. ಧಾರಾವಾಹಿಯಿಂದಲೇ ಹಾಗಾಯಿತೆಂದು ನಾನು ಹೇಳುವುದಿಲ್ಲ.

1997ರ ಕೊನೆಯಲ್ಲಿ ಆ ದೇಶ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಚಾಚಬೇಕಾಯಿತು. ಮುಂದಿನ ವರ್ಷ ಸುಮಾರು 35 ಲಕ್ಷ ಜನ ಮದುವೆಯ ಉಂಗುರ, ಮಕ್ಕಳ ಹುಟ್ಟುಹಬ್ಬದ ಉಂಗುರಗಳನ್ನೂ ಕೊಟ್ಟು ಸುಮಾರು 227 ಟನ್ ಚಿನ್ನ ಕೂಡಿಸಿದರು. 2022ರ ‘ಇಪ್ಪತ್ತೈದು, ಇಪ್ಪತ್ತೊಂದು’ ಎಂಬ ಧಾರಾವಾಹಿ ಆ ಕಾಲದ್ದು. ಶಾಲೆಯ ಕತ್ತಿವರಸೆ ತಂಡ ಮುಚ್ಚಿಹೋದ ಹುಡುಗಿ, ತಂದೆ ದಿವಾಳಿಯಾದ ಹುಡುಗ.

ಇಷ್ಟೊಂದು ಹಳೆಯ ನೆನಪು ಅಲ್ಲಿ ಏಕೆ ಮಾರಾಟವಾಗುತ್ತದೆ? ಬಿ.ಎಸ್ಸಿ. ಓದಿದವನ ಚಾಳಿಯಂತೆ ನಾನು ಅಂಕಿಗಳನ್ನೇ ನೋಡಿದೆ. ಆ ಐವರು ಗೆಳೆಯರು ಹುಟ್ಟಿದ 1971ರಲ್ಲಿ ದಕ್ಷಿಣ ಕೊರಿಯದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದವು. 2023ರಲ್ಲಿ ಹುಟ್ಟಿದವು ಸುಮಾರು 2 ಲಕ್ಷ 30 ಸಾವಿರ. ಒಬ್ಬ ಹೆಂಗಸಿಗೆ 0.72 ಮಗು. ಒಂಟಿಯಾಗಿ ವಾಸಿಸುವವರ ಮನೆಗಳು ಒಟ್ಟು ಮನೆಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು. ಬಟ್ಟಲು ಹಿಡಿದು ಪಕ್ಕದ ಮನೆಗೆ ಓಡಬೇಕಾದ ಮಗುವೇ ಇಲ್ಲ. ಪಕ್ಕದ ಮನೆಯಲ್ಲಿ ಒಲೆ ಹಚ್ಚುವವರೂ ಇಲ್ಲ.

ಓಣಿಯೂ ಉಳಿಯಲಿಲ್ಲ. 1980ರ ದಶಕದ ಕೊನೆಯಲ್ಲಿ ಸರ್ಕಾರ ಇಪ್ಪತ್ತು ಲಕ್ಷ ಮನೆಗಳ ಯೋಜನೆ ಹಾಕಿ ಸಿಯೋಲಿನ ಸುತ್ತ ಐದು ಹೊಸ ಪಟ್ಟಣಗಳನ್ನು ಎಬ್ಬಿಸಿತು. ಬಹುಮಹಡಿ ಕಟ್ಟಡಗಳೇ ದೇಶದ ಸಾಮಾನ್ಯ ಮನೆಗಳಾದವು. ದಿಲ್ಲಿಯ ಸರೋಜಿನಿ ನಗರ, ನೇತಾಜಿ ನಗರಗಳ ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ ಬೆಳೆದ ಕನ್ನಡದ ಮಕ್ಕಳು ತಮ್ಮ ಬ್ಲಾಕುಗಳನ್ನು ಹುಡುಕಿಕೊಂಡು ಹೋದರೆ ಈಗ ಗೋಪುರಗಳು ಕಾಣುತ್ತವೆ. ಕೊನೆಯ ಕಂತಿನಲ್ಲಿ ಸಾಂಗ್‌ಮುನ್‌ದೋಂಗ್‌ನ ಸಂಸಾರಗಳು ಒಂದೊಂದಾಗಿ ಗಂಟುಮೂಟೆ ಕಟ್ಟುತ್ತವೆ. ದೊಕ್‌ಸೊನ್‌ಳ ಮನೆಯವರು ಹೋಗುವುದು ದಕ್ಷಿಣದ ಪಾನ್‌ಗ್ಯೊ ಎಂಬ ಕಡೆಗೆ. ಕಥೆಯ ಕಾಲಕ್ಕೆ ಅದು ಹೊಲಗದ್ದೆಗಳ ಹಳ್ಳಿಗಾಡು. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದು ತಂತ್ರಾಂಶ ಕಂಪೆನಿಗಳ ನಗರವಾಯಿತು. ಅಲ್ಲಿನ ನೆಲಕ್ಕೆ ಚಿನ್ನದ ಬೆಲೆ. ಆ ಹೆಸರು ಕೇಳಿದ ಕೂಡಲೇ ಕೊರಿಯದ ಪ್ರೇಕ್ಷಕರು ಕಣ್ಣೀರಿನ ನಡುವೆಯೂ ನಕ್ಕರಂತೆ. ವೈಟ್‌ಫೀಲ್ಡ್‌ನಲ್ಲಿ ಆಗಲೇ ಒಂದು ನಿವೇಶನ ಕೊಂಡಿದ್ದರೆ ಎಂದು ಪ್ರತಿ ಮದುವೆಯ ಪಂಕ್ತಿಯಲ್ಲಿಯೂ ಹಲುಬುವ ಬಂಧುಗಳುಳ್ಳ ನಮಗೆ ಆ ನಗೆಯನ್ನು ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ.